ಸಿಸಿಟಿವಿ ಸೆನ್ಸರು, ಹಳೇ ಲೆನ್ಸು, ಆಂಡ್ರೊಮೆಡ

ಆಂಡ್ರೊಮೆಡ ಗೆಲಾಕ್ಸಿ ನಮ್ಮ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲ ಇದೆ. ಹೀಗಂದರೆ ಬಹಳ ಜನ ನಂಬುವುದಿಲ್ಲ. ಅಷ್ಟು ದೊಡ್ಡದಿದ್ದರೆ ಕಣ್ಣಿಗೆ ಬೀಳಬೇಕಿತ್ತಲ್ಲ ಅನ್ನುತ್ತಾರೆ. ಬೀಳುತ್ತದೆ. ಊರಿನ ದೀಪಗಳಿಂದ ದೂರ ಹೋಗಿ, ನವೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ನೆತ್ತಿಯಿಂದ ಉತ್ತರದ ಕಡೆ ಸ್ವಲ್ಪ ಇಳಿದು ನೋಡಿದರೆ ಬರಿಗಣ್ಣಿಗೇ ಸಿಗುತ್ತದೆ. ಆದರೆ ಕಾಣುವುದು ನಡುವಿನ ಬೆಳಕಿನ ಗಡ್ಡೆ ಮಾತ್ರ. ಸುತ್ತಲಿನ ಅಷ್ಟೂ ಅಗಲ ಅಲ್ಲೇ ಇರುತ್ತದೆ, ಕಣ್ಣಿಗೆ ನಿಲುಕದಷ್ಟು ಮಂಕಾಗಿ.

ಇದು ಆಂಡ್ರೊಮೆಡದ ಕಥೆ ಮಾತ್ರ ಅಲ್ಲ. ಚಂದ್ರನ ಅಗಲ ಅರ್ಧ ಡಿಗ್ರಿ. ಓರಿಯಾನ್ ನೆಬ್ಯುಲಾ (ನೆಬ್ಯುಲಾ ಅಂದರೆ ಆಕಾಶದಲ್ಲಿನ ಅನಿಲ, ದೂಳಿನ ಮೋಡ) ಸುಮಾರು ಒಂದು ಡಿಗ್ರಿ, ಕೃತ್ತಿಕೆ ಗುಂಪು ಎರಡು ಡಿಗ್ರಿ, ಹಂಸ ನಕ್ಷತ್ರಪುಂಜದಲ್ಲಿರುವ ವೇಲ್ ನೆಬ್ಯುಲಾ ಮೂರು ಡಿಗ್ರಿ, ಓರಿಯಾನನ್ನು ಬಳಸಿಕೊಂಡಿರುವ ಬರ್ನಾರ್ಡ್ ಲೂಪ್ ಹತ್ತು ಡಿಗ್ರಿಗೂ ಜಾಸ್ತಿ. ಇವೆಲ್ಲ ಚಿಕ್ಕವಲ್ಲ, ಮಂಕು. ಚಿಕ್ಕದನ್ನು ದೊಡ್ಡದು ಮಾಡಿ ತೋರಿಸಲು ಉದ್ದನೆಯ ಟೆಲಿಸ್ಕೋಪ್ ಬೇಕು. ಆದರೆ ದೊಡ್ಡದಾಗಿದ್ದು ಮಂಕಾಗಿರುವುದಕ್ಕೆ ಬೇಕಾದದ್ದು ಬೇರೆ: ಅಗಲ ನೋಟ, ಮತ್ತು ಬೇಗ ಬೆಳಕು ತುಂಬಿಸುವ ಲೆನ್ಸು. ಎಂಟು ಇಂಚಿನ, 2000 ಎಂಎಂ ಫೋಕಲ್ ಲೆಂಗ್ತಿನ ಟೆಲಿಸ್ಕೋಪಿಗೆ ನನ್ನ ಪುಟ್ಟ ಕ್ಯಾಮೆರಾ ಹಾಕಿದರೆ ಚಂದ್ರನ ಅಗಲದ ಮೂರನೇ ಒಂದು ಭಾಗದಷ್ಟು ಅಗಲದ ಆಕಾಶ ಮಾತ್ರ ಒಳಗೆ ಬರುತ್ತದೆ. ಅದೇ ಕ್ಯಾಮೆರಾಗೆ 50 ಎಂಎಂ ಲೆನ್ಸು ಹಾಕಿದರೆ ಆರು ಡಿಗ್ರಿಗಿಂತ ಜಾಸ್ತಿ. ಆಂಡ್ರೊಮೆಡ ಪೂರ್ತಿ ಕೂತು, ಆಚೆ ಈಚೆ ಜಾಗವೂ ಉಳಿಯುತ್ತದೆ.

ಈ ಬರಹ ಅದರ ಬಗ್ಗೆಯೇ. ಸಣ್ಣ ಲೆನ್ಸು, ವಿಡಿಯೋ ಕ್ಯಾಮೆರಾ, ಒಂದು ಟ್ರೈಪಾಡ್. ದುಡ್ಡಿಲ್ಲದವರು ಮಾಡುವ ಹೊಂದಾಣಿಕೆ ಅಂತ ಇದನ್ನು ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಕಾಶದ ಒಂದು ದೊಡ್ಡ ಪಾಲಿಗೆ ಇದೇ ಸರಿಯಾದ ಸಲಕರಣೆ.

ಎಫ್ ಸಂಖ್ಯೆ ಅಂತ ಲೆನ್ಸಿನ ಮೇಲೆ ಬರೆದಿರುತ್ತದಲ್ಲ, 1.8, 2, 2.8 ಅಂತ, ಎಲ್ಲ ಇರುವುದು ಅಲ್ಲೇ. ನಕ್ಷತ್ರ ಒಂದು ಬಿಂದು, ಅದಕ್ಕೆ ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನುವುದೇ ಮುಖ್ಯ. ಆದರೆ ನೆಬ್ಯುಲಾ ಹರಡಿಕೊಂಡಿರುತ್ತದೆ. ಹರಡಿದ್ದರ ಬೆಳಕು ಒಂದೊಂದು ಪಿಕ್ಸೆಲ್ ಮೇಲೆ ಎಷ್ಟು ಬೀಳುತ್ತದೆ ಅನ್ನುವುದನ್ನು ಎಫ್ ಸಂಖ್ಯೆ ತೀರ್ಮಾನಿಸುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಫ್/10 ಟೆಲಿಸ್ಕೋಪಿಗೆ ಹೋಲಿಸಿದರೆ ಎಫ್/2 ಲೆನ್ಸಿನಲ್ಲಿ ಅದೇ ಪಿಕ್ಸೆಲ್ ಮೇಲೆ 25 ಪಟ್ಟು ಬೆಳಕು ಬೀಳುತ್ತದೆ. ಅಲ್ಲಿ 25 ನಿಮಿಷ ಕಾದರೆ ಸಿಗುವುದು ಇಲ್ಲಿ ಒಂದೇ ನಿಮಿಷಕ್ಕೆ. ಸೂಕ್ಷ್ಮ ವಿವರ ಅಷ್ಟು ಸಿಗುವುದಿಲ್ಲ, ನಿಜ. ಆದರೆ ಬರ್ನಾರ್ಡ್ ಲೂಪಿನಂಥದ್ದಕ್ಕೆ ಸೂಕ್ಷ್ಮ ವಿವರ ಕಟ್ಟಿಕೊಂಡು ಏನು ಮಾಡಬೇಕು? ಮೊದಲು ಅದು ಕಂಡರೆ ಸಾಕಲ್ವಾ.

ಕ್ಯಾಮೆರಾ ವಿಷಯಕ್ಕೆ ಬರೋಣ. ನಾನು ಬಳಸುವ ಕ್ಯಾಮೆರಾದ ಒಳಗಿರುವುದು ಸೋನಿಯ ಐಎಂಎಕ್ಸ್290 ಸೆನ್ಸರು. ಸ್ಟಾರ್ವಿಸ್ ಸರಣಿಯದು. ಆ ಹೆಸರು ನಕ್ಷತ್ರಗಳಿಗಾಗಿ ಇಟ್ಟಂತೆ ಕೇಳಿಸಿದರೂ ಅದು ಹುಟ್ಟಿದ್ದು ಕಾವಲು ಕ್ಯಾಮೆರಾಗಳಿಗಾಗಿ, ಅಂದರೆ ಕತ್ತಲೆ ಗಲ್ಲಿಯಲ್ಲಿ ಯಾರು ಓಡಾಡಿದರು ಅಂತ ನೋಡುವುದಕ್ಕೆ. ಬಹಳ ಚಿಕ್ಕದು, 5.6 ಎಂಎಂ ಅಗಲ, 3.2 ಎಂಎಂ ಎತ್ತರ, ಕಿರುಬೆರಳಿನ ಉಗುರಿನ ಮೇಲೆ ಕೂರುತ್ತದೆ. ಒಂದೊಂದು ಪಿಕ್ಸೆಲ್ 2.9 ಮೈಕ್ರಾನ್. ಅದರ ದೊಡ್ಡ ಗುಣ ಏನೆಂದರೆ, ಚಿತ್ರವನ್ನು ಓದಿ ಹೊರಗೆ ಕಳಿಸುವಾಗ ಸೇರಿಕೊಳ್ಳುವ ಗದ್ದಲ, ನಾವು ರೀಡ್ ನಾಯ್ಸ್ ಅನ್ನುವುದು, ಗೇನ್ (ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಏರಿಸಿದಾಗ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನಿನಷ್ಟು ಮಾತ್ರ. ಈ ಒಂದು ಗುಣ ಆಟದ ನಿಯಮವನ್ನೇ ಬದಲಿಸಿತು. ಮುಂಚೆ ಒಂದೊಂದು ಫೋಟೊಗೂ ಐದು, ಹತ್ತು ನಿಮಿಷ ಶಟರ್ ತೆರೆದಿಡಬೇಕಿತ್ತು, ಯಾಕೆಂದರೆ ಪ್ರತಿ ಸಲ ಓದಿದಾಗಲೂ ಗದ್ದಲ ಸೇರಿ ಮಂಕು ಬೆಳಕನ್ನು ನುಂಗುತ್ತಿತ್ತು. ಈಗ ಒಂದೊಂದು ಸೆಕೆಂಡಿನ ಸಾವಿರ ಫ್ರೇಮ್ ತೆಗೆದು ಕೂಡಿಸಿದರೂ ನಡೆಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಇದಕ್ಕೂ ಮುಂಚೆಯೇ ಕಾವಲು ಕ್ಯಾಮೆರಾಗಳನ್ನು ಆಕಾಶಕ್ಕೆ ತಿರುಗಿಸಿದವರಿದ್ದರು. ಮಿಂಟ್ರಾನ್, ವಾಟೆಕ್ ಅಂತ ಹಳೆಯ ಅನಲಾಗ್ ಕ್ಯಾಮೆರಾಗಳು ಬರುತ್ತಿದ್ದವು. ಮಿಂಟ್ರಾನ್ 128 ವಿಡಿಯೋ ಫೀಲ್ಡುಗಳಷ್ಟು (ಒಂದು ಫೀಲ್ಡ್ ಅಂದರೆ ಅರ್ಧ ಫ್ರೇಮ್) ಹೊತ್ತಿನ ಬೆಳಕನ್ನು ಕೂಡಿಸಿಕೊಳ್ಳುತ್ತಿತ್ತು, ನಮ್ಮ ಪಾಲ್ ಟಿವಿ ಲೆಕ್ಕದಲ್ಲಿ ಅದು 2.56 ಸೆಕೆಂಡ್. ತಂತಿಯನ್ನು ನೇರ ಟಿವಿಗೆ ಸಿಕ್ಕಿಸಿದರೆ ರಿಂಗ್ ನೆಬ್ಯುಲಾ ಪರದೆಯ ಮೇಲೆ. 2000ದ ದಶಕದ ಆರಂಭದಲ್ಲಿ ಫಿಲಿಪ್ಸ್ ಟೌಕ್ಯಾಮ್ ಅನ್ನುವ ಮಾಮೂಲಿ ವೆಬ್‌ಕ್ಯಾಮನ್ನು ಬಿಚ್ಚಿ, ಒಳಗೆ ಒಂದೆರಡು ತಂತಿ ಬೆಸೆದು, ಬಹಳ ಹೊತ್ತು ಬೆಳಕು ಹಿಡಿಯುವ ಹಾಗೆ ಮಾಡುವ ದಾರಿಯನ್ನು ಸ್ಟೀವ್ ಚೇಂಬರ್ಸ್ ತೋರಿಸಿಕೊಟ್ಟರು. ಆಮೇಲೆ ಎಷ್ಟೋ ಜನ ಸಾಲ್ಡರಿಂಗ್ ಕಡ್ಡಿ ಹಿಡಿದು ಕೂತರು. ಈ ಹವ್ಯಾಸ ಮೊದಲಿನಿಂದಲೂ ಹೀಗೇ, ಬೇರೆ ಯಾವುದಕ್ಕೋ ಮಾಡಿದ್ದನ್ನು ತಂದು ಆಕಾಶಕ್ಕೆ ಹಚ್ಚುವುದು.

ಈಗ ಲೆಕ್ಕ. 50 ಎಂಎಂ ಲೆನ್ಸು, 2.9 ಮೈಕ್ರಾನ್ ಪಿಕ್ಸೆಲ್ ಸೇರಿದರೆ ಒಂದು ಪಿಕ್ಸೆಲಿಗೆ ಆಕಾಶದ 12 ಆರ್ಕ್ ಸೆಕೆಂಡ್ ಬರುತ್ತದೆ (ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್ ಸೆಕೆಂಡ್ ಸರಿಯುತ್ತವೆ, ಅದು ಆಕಾಶದ ಸಮಭಾಜಕದ ಹತ್ತಿರ. ಆಂಡ್ರೊಮೆಡ ಉತ್ತರಕ್ಕಿರುವುದರಿಂದ ಅಲ್ಲಿ ಸುಮಾರು 11. ಹಾಗಾಗಿ ಒಂದು ಸೆಕೆಂಡಿನ ಫ್ರೇಮಿನಲ್ಲಿ ನಕ್ಷತ್ರ ಒಂದು ಪಿಕ್ಸೆಲ್ ಕೂಡ ಸರಿದಿರುವುದಿಲ್ಲ. ಅಂದರೆ ಆಕಾಶವನ್ನು ಹಿಂಬಾಲಿಸುವ ಮೋಟಾರು ಬೇಕೇ ಇಲ್ಲ! ಬರೀ ಟ್ರೈಪಾಡ್ ಸಾಕು. ಫ್ರೇಮಿನಿಂದ ಫ್ರೇಮಿಗೆ ಆಗುವ ಸರಿದಾಟವನ್ನು ಸಾಫ್ಟ್‌ವೇರು ನಕ್ಷತ್ರಗಳನ್ನು ಗುರುತು ಹಿಡಿದು ಸರಿಪಡಿಸುತ್ತದೆ, ಸ್ವಲ್ಪ ತಿರುಗಿದ್ದರೂ ತಿರುಗಿಸಿ ಕೂರಿಸುತ್ತದೆ. ಶಾರ್ಪ್‌ಕ್ಯಾಪ್ ಅನ್ನುವ ತಂತ್ರಾಂಶ ಅದನ್ನು ಆಗಲೇ, ಕಣ್ಣೆದುರೇ ಮಾಡುತ್ತದೆ. ಆಮೇಲೆ ಮನೆಯಲ್ಲಿ ಕೂತು ಮಾಡುವುದಾದರೆ ಸಿರಿಲ್ ಇದೆ, ಡೀಪ್‌ಸ್ಕೈಸ್ಟ್ಯಾಕರ್ ಇದೆ, ಎರಡೂ ಬಿಟ್ಟಿ. ನಾವು ಮಾಡಬೇಕಾದದ್ದು ಐದು ನಿಮಿಷಕ್ಕೊಮ್ಮೆ ಎದ್ದು ಗೆಲಾಕ್ಸಿಯನ್ನು ಮತ್ತೆ ನಡುವಿಗೆ ತರುವುದು.

ಚಿತ್ರದುರ್ಗ ಜಿಲ್ಲೆಯಲ್ಲಿ ನಮ್ಮ ಸೋದರಮಾವನ ತೋಟ ಇದೆ. ನಾನು ಹೋಗುವುದು ಅಲ್ಲಿಗೆ. ಮಳೆ ಕಡಿಮೆ, ಗಾಳಿ ಒಣ, ಮೋಡ ಬೇಗ ಬಿಡುತ್ತದೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿನುಗುವುದನ್ನು ಬಿಟ್ಟರೆ ಒಳ್ಳೆ ಕತ್ತಲೆ. ಬೋರ್‌ವೆಲ್‌ಗೆ ತ್ರೀಫೇಸ್ ಕರೆಂಟು ರಾತ್ರಿ ಹೊತ್ತೇ ಬರುವುದು ಹೆಚ್ಚು, ಅದಕ್ಕೆ ಮಾವನೂ ಎದ್ದೇ ಇರುತ್ತಾರೆ. ಮೋಟಾರು ಹಾಕಿ, ಕಾಲುವೆಗೆ ನೀರು ತಿರುಗಿಸಿ, ಟವೆಲ್ ತಲೆಗೆ ಸುತ್ತಿಕೊಂಡು ಬಂದು ನನ್ನ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ.

ಆಂಡ್ರೊಮೆಡದ ಮೊದಲ ಫ್ರೇಮಿನಲ್ಲಿ ಏನೂ ಇರುವುದಿಲ್ಲ ಅಂದರೂ ನಡೆಯುತ್ತದೆ. ಪರದೆ ತುಂಬಾ ಕಾಳು ಕಾಳು, ನಡುವೆ ಏಳೆಂಟು ನಕ್ಷತ್ರ, ಒಂದು ಊದಿಕೊಂಡ ಬೆಳಕಿನ ಗುರುತು. ಹತ್ತಿಪ್ಪತ್ತು ಫ್ರೇಮ್ ಕೂಡಿದ ಹಾಗೆ ಕಾಳು ಸಣ್ಣಗಾಗುತ್ತದೆ, ಹಿನ್ನೆಲೆ ನಯವಾಗುತ್ತದೆ. ಒಂದು ನಿಮಿಷ ಆಗುವಷ್ಟರಲ್ಲಿ ಆ ಗುರುತು ಎರಡೂ ಕಡೆಗೆ ಚಾಚಿಕೊಂಡು ಓರೆಯಾದ ಮೊಟ್ಟೆಯಾಕಾರಕ್ಕೆ ಬರುತ್ತದೆ. ಪಕ್ಕದಲ್ಲಿ ಎಂ 110, ಇನ್ನೊಂದು ಗೆಲಾಕ್ಸಿ, ಉದ್ದನೆಯ ಮಚ್ಚೆಯ ಹಾಗೆ ಮೇಲೇಳುತ್ತದೆ. ಈ ಕಡೆ ಎಂ 32 ಮಾತ್ರ ದಪ್ಪ ನಕ್ಷತ್ರದ ಹಾಗೇ ಉಳಿಯುತ್ತದೆ, 50 ಎಂಎಂನಲ್ಲಿ ಅದರಿಂದ ಅಷ್ಟೇ ಸಿಗುವುದು. ಹತ್ತು ನಿಮಿಷದ ಹೊತ್ತಿಗೆ ಒಂದು ಪಕ್ಕದಲ್ಲಿ ಕಪ್ಪು ಗೆರೆ ಬಂತಾ ಇಲ್ಲವಾ ಅನ್ನುವ ಹಾಗೆ ಶುರುವಾಗಿ, ಮೆಲ್ಲಗೆ ಗಟ್ಟಿಯಾಗುತ್ತದೆ. ಅದು ಆ ಗೆಲಾಕ್ಸಿಯ ದೂಳಿನ ಪಟ್ಟಿ. ಅಲ್ಲಿಂದ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ.

ಮಾವ ಮೊದಲ ಸಲ ಇದನ್ನು ನೋಡಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಇನ್ನೂ ಜಾಸ್ತಿ ಹೊತ್ತು ಬಿಟ್ರೆ ಇನ್ನೂ ಕಾಣ್ತೈತೇನೋ?"

ಈ ಹವ್ಯಾಸದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಉತ್ತರ: ಕಾಣುತ್ತದೆ ಮಾವ, ಆದರೆ ಬರಬರುತ್ತಾ ನಿಧಾನ. ನಾಲ್ಕು ಪಟ್ಟು ಹೊತ್ತು ಬಿಟ್ಟರೆ ಎರಡು ಪಟ್ಟು ಸ್ವಚ್ಛ ಆಗುತ್ತದೆ. 100 ಫ್ರೇಮಿಗೆ ಹತ್ತು ಪಟ್ಟು, 900 ಫ್ರೇಮಿಗೆ 30 ಪಟ್ಟು. ಬೆಳಕು ಫ್ರೇಮಿನ ಲೆಕ್ಕದಲ್ಲಿ ಕೂಡುತ್ತದೆ, ಗದ್ದಲ ಅದರ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಕೂಡುತ್ತದೆ, ಅದಕ್ಕೇ ಗೆಲ್ಲುವುದು ಬೆಳಕು. ಮೊದಲ ಹತ್ತು ನಿಮಿಷ ಸಿಗುವ ಲಾಭ ಮತ್ತೆ ಸಿಗಬೇಕಾದರೆ ಇನ್ನೂ ಅರ್ಧ ಗಂಟೆ ಕೂರಬೇಕು. ಅವರು ತಲೆಯಾಡಿಸಿ, ಬಿಡು ಹಂಗಾದ್ರೆ, ಅಂದು ಮೋಟಾರು ನೋಡಿಕೊಂಡು ಬರಲು ಹೋದರು.

ಮಾವನಿಗೆ ನಕ್ಷತ್ರಗಳ ಹೆಸರೆಲ್ಲ ಗೊತ್ತು, ಮಳೆಯ ಹೆಸರಾಗಿ. ಕೃತ್ತಿಕೆ ಮಳೆ, ರೋಹಿಣಿ ಮಳೆ, ಮೃಗಶಿರ, ಆರಿದ್ರಾ. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತ ಗಾದೆಯನ್ನೂ ಹೇಳುತ್ತಾರೆ. ಸೂರ್ಯ ಆ ನಕ್ಷತ್ರದಲ್ಲಿರುವಾಗ ಬೀಳುವ ಮಳೆಗೆ ಆ ಹೆಸರು. ಸೂರ್ಯನೇ ಅಲ್ಲಿ ಕೂತಿರುವಾಗ ನಕ್ಷತ್ರ ಕಾಣುವುದು ಸಾಧ್ಯವಿಲ್ಲ. ಹಾಗಾಗಿ ಮಳೆಗಾಲದಲ್ಲಿ ದಿನಾ ಬಾಯಲ್ಲಿರುವ ಈ ಹೆಸರುಗಳೆಲ್ಲ ಮುಖ ತೋರಿಸುವುದು ಆರು ತಿಂಗಳ ಮೇಲೆ, ಕೊಯ್ಲಿನ ಹೊತ್ತಿಗೆ, ಚಳಿಗಾಲದ ರಾತ್ರಿಗಳಲ್ಲಿ. ಕೃತ್ತಿಕೆಗೆ ಲೆನ್ಸು ತಿರುಗಿಸಿ ಹೆಸರು ಹೇಳಿದಾಗ ಮಾವ ಪರದೆ ಬಿಟ್ಟು ಎದ್ದು ನಿಂತು ಆಕಾಶ ನೋಡಿದರು. ಬರಿಗಣ್ಣಿಗೆ ಆರೇಳು ಚುಕ್ಕೆ. ಪರದೆಯಲ್ಲಿ ಆಗಲೇ ಲೆಕ್ಕ ತಪ್ಪುವಷ್ಟು. ದೊಡ್ಡ ನಕ್ಷತ್ರಗಳ ಸುತ್ತ ನೀಲಿ ಮಬ್ಬು ಬೇರೆ. ಅದು ಆ ನಕ್ಷತ್ರಗಳ ಬೆಳಕಿಗೆ ಹೊಳೆಯುವ ದೂಳು.

ಸಣ್ಣ ಲೆನ್ಸಿನ ಬಗ್ಗೆ ಹಗುರಾಗಿ ಮಾತಾಡುವವರಿಗೆ ನಾನು 1882ನ್ನು ನೆನಪಿಸುತ್ತೇನೆ. ಆ ವರ್ಷ ದೊಡ್ಡ ಧೂಮಕೇತು ಬಂದಿತ್ತು. ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿದ್ದ ಡೇವಿಡ್ ಗಿಲ್, ಊರಲ್ಲಿ ಜನರ ಭಾವಚಿತ್ರ ತೆಗೆಯುತ್ತಿದ್ದ ಒಬ್ಬ ಫೋಟೊಗ್ರಾಫರನ ಕ್ಯಾಮೆರಾ ತರಿಸಿ ಟೆಲಿಸ್ಕೋಪಿಗೆ ಕಟ್ಟಿ ಧೂಮಕೇತುವಿನ ಫೋಟೊ ತೆಗೆಸಿದರು. ಗಾಜಿನ ಫಲಕ ತೊಳೆದು ನೋಡಿದರೆ ಧೂಮಕೇತುವಿನ ಹಿಂದೆ ಲೆಕ್ಕವಿಲ್ಲದಷ್ಟು ನಕ್ಷತ್ರ. ಆಕಾಶದ ನಕ್ಷೆಯನ್ನೇ ಫೋಟೊದಿಂದ ಮಾಡಬಹುದಲ್ಲ ಅಂತ ಅವರಿಗೆ ಹೊಳೆದದ್ದು ಅಲ್ಲಿ. ಕೇಪ್‌ನಲ್ಲಿ ತೆಗೆದ ಫಲಕಗಳನ್ನು ಹಾಲೆಂಡಿನಲ್ಲಿ ಖಗೋಳ ವಿಜ್ಞಾನಿ ಕಾಪ್ಟೈನ್ ವರ್ಷಗಟ್ಟಲೆ ಕೂತು ಅಳೆದು, ದಕ್ಷಿಣ ಆಕಾಶದ ನಾಲ್ಕೂವರೆ ಲಕ್ಷ ನಕ್ಷತ್ರಗಳ ಪಟ್ಟಿ ತಯಾರಾಯಿತು.

ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಅವರ ಕಥೆ ನನಗೆ ಇನ್ನೂ ಇಷ್ಟ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಲೆನ್ಸಿನ ಟೆಲಿಸ್ಕೋಪುಗಳಲ್ಲಿ ಆಗ ಜಗತ್ತಿನಲ್ಲೇ ದೊಡ್ಡದಾದ 36 ಇಂಚಿನದು ಇತ್ತು. ಬರ್ನಾರ್ಡ್ 1889ರಲ್ಲಿ ಹಾಲುಹಾದಿಯ ಫೋಟೊ ತೆಗೆಯಲು ಹಿಡಿದದ್ದು ಅದನ್ನಲ್ಲ, ಸ್ಟುಡಿಯೊದಲ್ಲಿ ಜನರ ಚಿತ್ರ ತೆಗೆಯಲು ಮಾಡಿದ್ದ ಆರು ಇಂಚಿನ ವಿಲ್ಲರ್ಡ್ ಲೆನ್ಸನ್ನು. ಲೆನ್ಸನ್ನು ಹೊತ್ತು ತಿರುಗಿಸುವ ಮೌಂಟನ್ನು ಕೈಯಲ್ಲೇ ತಿದ್ದುತ್ತಾ, ಒಂದು ನಕ್ಷತ್ರದ ಮೇಲಿಂದ ಕಣ್ಣು ಕೀಳದೆ ಗಂಟೆಗಟ್ಟಲೆ ಕೂರುತ್ತಿದ್ದರು. ಹಾಲುಹಾದಿಯ ನಕ್ಷತ್ರಮೋಡಗಳು, ನಡುನಡುವೆ ಕಪ್ಪು ಓಣಿಗಳು ಮೊದಲ ಬಾರಿ ಅಷ್ಟು ಚೆನ್ನಾಗಿ ಮೂಡಿದ್ದು ಆ ಫಲಕಗಳಲ್ಲಿ. 1892ರ ಅಕ್ಟೋಬರಿನಲ್ಲಿ ಅದೇ ಲೆನ್ಸಿನ ಫಲಕವೊಂದರಲ್ಲಿ ಅವರಿಗೆ ಹೊಸ ಧೂಮಕೇತು ಸಿಕ್ಕಿತು, ಫೋಟೊದಿಂದ ಪತ್ತೆಯಾದ ಮೊದಲ ಧೂಮಕೇತು ಅದು. 36 ಇಂಚಿನ ಟೆಲಿಸ್ಕೋಪ್ ಪಕ್ಕದಲ್ಲೇ ಇತ್ತು, ಆದರೆ ಈ ಕೆಲಸಕ್ಕೆ ಬೇಕಿದ್ದದ್ದು ಅಗಲ ನೋಟ.

ಹಳೇ ಕಾಲದ ಮಾತು ಅನ್ನಬೇಡಿ. ಡ್ರ್ಯಾಗನ್‌ಫ್ಲೈ ಅಂತ ಒಂದು ಸಲಕರಣೆ ಇದೆ, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಪೀಟರ್ ವಾನ್ ಡೊಕ್ಕುಮ್ ಮತ್ತು ರಾಬರ್ಟೊ ಅಬ್ರಹಾಂ ಅನ್ನುವ ಇಬ್ಬರು ಖಗೋಳ ವಿಜ್ಞಾನಿಗಳು ಕಟ್ಟಿದ್ದು. ಅದರಲ್ಲಿ ಇರುವುದು ಅಂಗಡಿಯಲ್ಲಿ ಸಿಗುವ ಕ್ಯಾನನ್ 400 ಎಂಎಂ ಎಫ್/2.8 ಲೆನ್ಸುಗಳು, ಎಲ್ಲವೂ ಒಂದೇ ಕಡೆ ನೋಡುವ ಹಾಗೆ ಜೋಡಿಸಿದ್ದು. ದೊಡ್ಡ ಕನ್ನಡಿ ಟೆಲಿಸ್ಕೋಪುಗಳಲ್ಲಿ ಬೆಳಕು ಒಳಗೊಳಗೇ ಚೆದುರಿ ಮಂಕು ವಿವರ ಮುಚ್ಚಿಹೋಗುತ್ತದೆ. ಒಳ್ಳೆ ಕೋಟಿಂಗ್ ಇರುವ ಲೆನ್ಸಿನಲ್ಲಿ ಆ ಕಾಟ ಬಹಳ ಕಡಿಮೆ. 2015ರಲ್ಲಿ ಅವರು ಕೋಮಾ ಗೆಲಾಕ್ಸಿ ಗುಂಪಿನಲ್ಲಿ 47 ಗೆಲಾಕ್ಸಿಗಳನ್ನು ತೋರಿಸಿದರು, ಅಗಲ ಇದ್ದೂ ಅತಿ ಮಂಕಾಗಿದ್ದಂಥವು. ಇನ್ನು ಆಂಡ್ರೊಮೆಡದ ಪಕ್ಕದಲ್ಲೇ ಒಂದು ದೊಡ್ಡ ಆಮ್ಲಜನಕದ ಕಮಾನು ಇದೆ ಅಂತ 2022ರಲ್ಲಿ ಪತ್ತೆ ಮಾಡಿದವರು ಹವ್ಯಾಸಿಗಳು: ಡ್ರೆಕ್ಸ್ಲರ್, ಸ್ಟ್ರಾಟ್ನರ್, ಸೈಂಟಿ. ಬಳಸಿದ್ದು ನಾಲ್ಕು ಇಂಚಿನ ಪುಟ್ಟ ಟೆಲಿಸ್ಕೋಪ್. ಜಗತ್ತಿನಲ್ಲೇ ಅತಿ ಹೆಚ್ಚು ಫೋಟೊ ತೆಗೆಸಿಕೊಂಡಿರುವ ಗೆಲಾಕ್ಸಿಗಳಲ್ಲಿ ಅದೂ ಒಂದು, ಅದರ ಪಕ್ಕದಲ್ಲೇ ಇದ್ದದ್ದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಲೆನ್ಸು ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ: ಮನೆಯಲ್ಲಿ ಇರುವುದನ್ನೇ ಮೊದಲು ಹಚ್ಚಿ ನೋಡಿ. 50 ಎಂಎಂ ಎಫ್/1.8 ಎಲ್ಲರ ಹತ್ತಿರವೂ ಇರುತ್ತದೆ. ಹಳೇ ಫಿಲ್ಮ್ ಕ್ಯಾಮೆರಾಗಳ 42 ಎಂಎಂ ತಿರುಪಿನ ಲೆನ್ಸುಗಳು, ರಷ್ಯಾದ ಹೀಲಿಯೊಸ್, ಜುಪಿಟರ್, ಜಪಾನಿನ ಟಕುಮಾರ್, ಇವು ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ಫೋಕಸ್ ರಿಂಗು ಗಟ್ಟಿ, ಕೈಯಿಂದ ಕೂದಲೆಳೆಯಷ್ಟು ತಿರುಗಿಸಬಹುದು. ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದಂತಾಗುತ್ತವೆ ಅನ್ನುವುದು ದೊಡ್ಡ ಸೆನ್ಸರಿನ ತಲೆನೋವು. ನಮ್ಮ ಪುಟ್ಟ ಸೆನ್ಸರು ಲೆನ್ಸಿನ ನಡುವಿನ ಅತ್ಯುತ್ತಮ ಭಾಗವನ್ನು ಮಾತ್ರ ತಗೊಳ್ಳುವುದರಿಂದ ಆ ಚಿಂತೆ ಇಲ್ಲ. ಬೆಳಕು ಸ್ವಲ್ಪ ಕಡಿಮೆ ಮಾಡಬೇಕಿದ್ದರೆ ಲೆನ್ಸಿನ ಬಾಯಿ ಕಿರಿದು ಮಾಡುವ ಒಳಗಿನ ಎಲೆಗಳನ್ನು ಮುಚ್ಚಬೇಡಿ, ಅವುಗಳ ಮೂಲೆಗಳಿಂದ ನಕ್ಷತ್ರಕ್ಕೆ ಮುಳ್ಳು ಬರುತ್ತದೆ. ಕಪ್ಪು ಕಾಗದದಲ್ಲಿ ದುಂಡಗೆ ತೂತು ಕತ್ತರಿಸಿ ಲೆನ್ಸಿನ ಮುಂದೆ ಇಟ್ಟರೆ ನಕ್ಷತ್ರ ದುಂಡಗೇ ಉಳಿಯುತ್ತದೆ. ಇನ್ನೊಂದು ವಿಷಯ, ಈ ಸೆನ್ಸರುಗಳು ಇನ್ಫ್ರಾರೆಡ್ ಬೆಳಕನ್ನೂ ಹಿಡಿಯುತ್ತವೆ, ಲೆನ್ಸು ಅದನ್ನು ಬೇರೆ ಜಾಗದಲ್ಲಿ ಫೋಕಸ್ ಮಾಡುತ್ತದೆ. ಐಆರ್ ಕಟ್ ಫಿಲ್ಟರ್ ಹಾಕದಿದ್ದರೆ ಎಷ್ಟು ತಿರುಗಿಸಿದರೂ ನಕ್ಷತ್ರ ಊದಿಕೊಂಡೇ ಇರುತ್ತದೆ. ಎಫ್/2ರಲ್ಲಿ ಫೋಕಸ್ ತಪ್ಪಲು ಜಾಗವೇ ಇಲ್ಲ. ಬಾಟಿನೊವ್ ಮಾಸ್ಕ್ ಅಂತ ಗೆರೆ ಗೆರೆ ಕೊರೆದ ಹಾಳೆ ಇದೆ, ರಷ್ಯಾದ ಹವ್ಯಾಸಿ ಪಾವೆಲ್ ಬಾಟಿನೊವ್ ಕಂಡುಹಿಡಿದದ್ದು. ಅದನ್ನು ಲೆನ್ಸಿನ ಮುಂದೆ ಹಿಡಿದರೆ ನಕ್ಷತ್ರದಿಂದ ಮೂರು ಕಡ್ಡಿ ಹೊರಡುತ್ತವೆ, ನಡುವಿನ ಕಡ್ಡಿ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಸರಿ.

ಸಣ್ಣ ಫ್ರೇಮುಗಳಿಂದ ಇನ್ನೊಂದು ಉಪಕಾರ ಇದೆ. ವಿಮಾನ ಹೋಯಿತು, ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು ಹಾದುಹೋಯಿತು, ಆ ಕೆಲವು ಸೆಕೆಂಡುಗಳ ಫ್ರೇಮು ಕಿತ್ತು ಬಿಸಾಕಿದರೆ ಮುಗಿಯಿತು. ಹತ್ತು ನಿಮಿಷದ ಒಂದೇ ಫ್ರೇಮಾಗಿದ್ದರೆ ಹತ್ತು ನಿಮಿಷವೂ ಹೋಗುತ್ತಿತ್ತು.

ಕೂಡಿಸಿದ ಮೇಲೆ ತಿದ್ದುವ ಕೆಲಸ. ಇಲ್ಲಿ ನಾನು ಸ್ವಲ್ಪ ಹಟಮಾರಿ. ಹಿನ್ನೆಲೆಯ ದೀಪದ ಬಣ್ಣ ತೆಗೆಯಿರಿ, ಮಂಕು ಭಾಗವನ್ನು ಮೇಲೆತ್ತಿ, ಬಣ್ಣ ಸ್ವಲ್ಪ ಗಾಢ ಮಾಡಿ, ಎಲ್ಲ ಸರಿ. ಆದರೆ ಈಗ ಕೃತಕ ಬುದ್ಧಿಮತ್ತೆಯಿಂದ ಚಿತ್ರ ಹರಿತ ಮಾಡುವ ತಂತ್ರಾಂಶಗಳು ಬಂದಿವೆ. ಕೆಲವು ಇಲ್ಲದ ಎಳೆಗಳನ್ನು ಎಳೆದುಬಿಡುತ್ತವೆ. 28 ಎಂಎಂ ಅಗಲದ ಗಾಜಿನಿಂದ ಬರಲು ಸಾಧ್ಯವೇ ಇಲ್ಲದ ವಿವರ ನನ್ನ ಚಿತ್ರದಲ್ಲಿದ್ದರೆ ಅದು ಆಕಾಶದಿಂದ ಬಂದದ್ದಲ್ಲ. ನನಗೆ ಬೇಕಾಗಿರುವುದು ನನ್ನ ಲೆನ್ಸಿನೊಳಗೆ ಆ ರಾತ್ರಿ ಇಳಿದ ಬೆಳಕು. ಅದು ಸ್ವಲ್ಪ ಮೊಂಡಾಗಿದ್ದರೂ ಪರವಾಗಿಲ್ಲ.

ಬೆಂಗಳೂರಿನಿಂದ ಆಗುತ್ತದಾ? ಗೆಲಾಕ್ಸಿಗಳಿಗೆ ಕಷ್ಟ. ಹಳೇ ಸೋಡಿಯಂ ಬೀದಿದೀಪದ ಕಾಲದಲ್ಲಿ ಆ ಹಳದಿ ಬಣ್ಣವನ್ನು ತಡೆಯುವ ಫಿಲ್ಟರು ಕೆಲಸ ಮಾಡುತ್ತಿತ್ತು. ಎಲ್‌ಇಡಿ ಎಲ್ಲ ಬಣ್ಣದಲ್ಲೂ ಬೆಳಗುವುದರಿಂದ ತಡೆಯುವುದು ಯಾವುದನ್ನು? ನೆಬ್ಯುಲಾಗಳ ಕಥೆ ಬೇರೆ. ಅವು ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತವೆ, ಮುಖ್ಯವಾಗಿ ಜಲಜನಕದ 656 ನ್ಯಾನೊಮೀಟರಿನ ಕೆಂಪು, ಆಮ್ಲಜನಕದ 501ರ ಹಸಿರುನೀಲಿ. ಅವೆರಡನ್ನೇ ಬಿಡುವ ಫಿಲ್ಟರ್ ಹಾಕಿದರೆ ಮನೆಯ ಟೆರೇಸಿನಿಂದಲೇ ರೋಸೆಟ್ ನೆಬ್ಯುಲಾ ಸಿಗುತ್ತದೆ.

ಮಳೆ ಬಿಟ್ಟ ಮೇಲೆ ನನ್ನ ಕಣ್ಣಿರುವುದು ದಕ್ಷಿಣಕ್ಕೆ. ಗಮ್ ನೆಬ್ಯುಲಾ ಅಂತ ಒಂದಿದೆ. ಆಸ್ಟ್ರೇಲಿಯಾದ ಕಾಲಿನ್ ಗಮ್ 1950ರ ದಶಕದಲ್ಲಿ ಗುರುತಿಸಿದ್ದು. ಅಗಲ ಸುಮಾರು 40 ಡಿಗ್ರಿ, ಅಂದರೆ ಚಂದ್ರನನ್ನು 80 ಸಲ ಸಾಲಾಗಿ ಇಟ್ಟಷ್ಟು. ಲಂಡನ್ನಿನವರಿಗೆ ಅದರ ನಡುಭಾಗ ಹುಟ್ಟುವುದೇ ಇಲ್ಲ. ನಮಗೆ ಫೆಬ್ರವರಿಯ ರಾತ್ರಿ ಹತ್ತೂವರೆ ಹೊತ್ತಿಗೆ ದಕ್ಷಿಣದಲ್ಲಿ 30 ಡಿಗ್ರಿಗೂ ಮೇಲೆ ಬಂದು ನಿಲ್ಲುತ್ತದೆ. ಇದಕ್ಕೆ 50 ಎಂಎಂ ಕೂಡ ಉದ್ದವಾಯಿತು. 16 ಎಂಎಂ ಸಿಸಿಟಿವಿ ಲೆನ್ಸು ಹಾಕಿದರೆ ಒಂದು ಸಲಕ್ಕೆ 20 ಡಿಗ್ರಿ ಅಗಲ, 11 ಡಿಗ್ರಿ ಎತ್ತರ. ಎಂಟು ತುಂಡು ಅಂತೂ ಬೇಕು, ಅಂಚುಗಳು ಒಂದರ ಮೇಲೊಂದು ಬರಬೇಕಾದ್ದರಿಂದ ಹನ್ನೆರಡಾದರೂ ಆದೀತು. ಬಣ್ಣದ ಸೆನ್ಸರಿನಲ್ಲಿ ಜಲಜನಕದ ಕೆಂಪಿಗೆ ಕೆಲಸ ಮಾಡುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ, ಹಾಗಾಗಿ ಕಪ್ಪುಬಿಳುಪು ಕ್ಯಾಮೆರಾ ಬೇಕು. ಫಿಲ್ಟರ್ ಹಾಕಿದ ಮೇಲೆ ಒಂದು ಸೆಕೆಂಡಿನ ಫ್ರೇಮು ಸಾಲುವುದಿಲ್ಲ, ಈ ಸಲ ಆಕಾಶವನ್ನು ಹಿಂಬಾಲಿಸುವ ಚಿಕ್ಕ ಟ್ರ್ಯಾಕರ್ ಬೇಕೇ ಬೇಕು. ಅದನ್ನು ಧ್ರುವ ನಕ್ಷತ್ರಕ್ಕೆ ಸರಿಹೊಂದಿಸಬೇಕು, ಮಾವನ ತೋಟದಲ್ಲಿ ಧ್ರುವ ಇರುವುದು 14 ಡಿಗ್ರಿ ಎತ್ತರದಲ್ಲಿ, ತೆಂಗಿನ ಸಾಲಿನ ಹಿಂದೆ. ಆದರೆ 16 ಎಂಎಂನಲ್ಲಿ ಒಂದು ಪಿಕ್ಸೆಲಿಗೆ 37 ಆರ್ಕ್ ಸೆಕೆಂಡ್. ದಿಕ್ಸೂಚಿ ಇಟ್ಟು, ಮೊಬೈಲಿನಲ್ಲಿ ಓರೆ ಅಳೆದು ನಿಲ್ಲಿಸಿದರೆ ಸಾಕು, ಅಷ್ಟು ಹೆಚ್ಚುಕಡಿಮೆಯನ್ನು ಆ ಲೆನ್ಸು ತಡೆದುಕೊಳ್ಳುತ್ತದೆ. ನಿಮ್ಮಲ್ಲಿ ಯಾರಾದರೂ ಕರ್ನಾಟಕದಿಂದ ಇದನ್ನು ಹಿಡಿದಿದ್ದರೆ ಯಾವ ಫಿಲ್ಟರ್, ಒಂದೊಂದು ಫ್ರೇಮಿಗೆ ಎಷ್ಟು ಸೆಕೆಂಡ್ ಇಟ್ಟಿರಿ ಅಂತ ತಿಳಿಸಿ. ಕ್ಯಾಮೆರಾ ಕೊಳ್ಳುವುದಕ್ಕೆ ಮುಂಚೆ ನನಗೆ ಅದು ಬೇಕು.